ಅರ್ಧ ತಿರುಗಿದ ಸೀಸೆಗಳು

ಶಿಷ್ಯ ಕೇಳಿದ: “ಗುರುಗಳೇ, ಸತ್ತವರಿಗೆ ನಿಷ್ಠೆಯಿಂದ ಇರುವುದು ಹೇಗೆ?”

ಅವನ ಅಣ್ಣ ತೀರಿಕೊಂಡು ಕೆಲವು ತಿಂಗಳಾಗಿತ್ತು. ಆಗ ಮಠಕ್ಕೆ ಬಂದವನು ಮತ್ತೆ ತಾಯಿ ಇರುವ ಊರಿನ ದಾರಿ ತುಳಿದಿರಲಿಲ್ಲ. ಅಣ್ಣನ ಹೆಸರಿನಲ್ಲಿ ಜಪ, ಅಣ್ಣನ ಹೆಸರಿನಲ್ಲಿ ಉಪವಾಸ. ಮೈ ಇಳಿದಿತ್ತು. ಅದರ ಬಗ್ಗೆ ಅವನಿಗೆ ಒಂದಿಷ್ಟು ಹೆಮ್ಮೆಯೂ ಇತ್ತು.

ಗುರುಗಳು ಹೇಳಿದರು: “ಒಬ್ಬ ದ್ರಾಕ್ಷಿ ಬೆಳೆಗಾರನಿದ್ದ. ಅವನ ಹೆಂಡತಿ ವೈನ್ ಮಾಡುತ್ತಿದ್ದಳು.”

“ಮಠದಲ್ಲಿ ಕೂತು ಹೆಂಡದ ಕತೆಯೇ?”

“ಕುಡಿ ಎಂದೆನೇ? ಕೇಳು.”

ಬೆಳೆಗಾರನಿಗೆ ಗುಡ್ಡದ ಇಳಿಜಾರಿನಲ್ಲಿ ಒಂದು ತುಂಡು ತೋಟ. ಬಳ್ಳಿ ಅವನ ಪಾಲು, ಸೀಸೆ ಅವಳ ಪಾಲು. ಅವಳು ಮಾಡುತ್ತಿದ್ದುದು ನೊರೆಯುಕ್ಕುವ ವೈನ್. ಅದಕ್ಕೆ ಅವಸರ ಆಗದು. ಒಮ್ಮೆ ಹುದುಗಿದ ರಸವನ್ನು ಸೀಸೆಗೆ ತುಂಬಿ, ಬಿರಡೆ ಹಾಕಿ, ನೆಲಮಾಳಿಗೆಯ ಕತ್ತಲಲ್ಲಿ ಮಲಗಿಸಬೇಕು. ಅಲ್ಲಿ ಅದು ಇನ್ನೊಮ್ಮೆ ಹುದುಗುತ್ತದೆ. ನೊರೆ ಕಟ್ಟುತ್ತದೆ, ಜೊತೆಗೆ ಗಸಿಯೂ ಕೂರುತ್ತದೆ. ಆಮೇಲೆ ಸೀಸೆಗಳ ಬಾಯಿ ಕೆಳಗೆ ಮಾಡಿ ತೂತಿನ ಹಲಗೆಗೆ ಓರೆಯಾಗಿ ಸಿಕ್ಕಿಸಿ, ದಿನವೂ ಒಂದಿಷ್ಟು ತಿರುಗಿಸುತ್ತ ಬರಬೇಕು. ಎಷ್ಟು ತಿರುಗಿಸಿದೆ ಎಂದು ತಿಳಿಯಲು ಪ್ರತಿ ಸೀಸೆಯ ತಳಕ್ಕೆ ಒಂದು ಸುಣ್ಣದ ಗೆರೆ. ಗಸಿ ಮೆಲ್ಲಗೆ ಜಾರಿ ಬಿರಡೆಯ ಮೇಲೆ ಬಂದು ಕೂರುತ್ತದೆ. ಆಗ ಬಿರಡೆ ತೆಗೆದರೆ ನೊರೆಯೇ ಗಸಿಯನ್ನು ಹೊರಗೆ ಉಗಿಯುತ್ತದೆ. ಅದರೊಂದಿಗೆ ಚೂರು ವೈನೂ ಹೋಗುತ್ತದೆ. ಆ ಜಾಗವನ್ನು ಬೇರೆಯವರು ಸಕ್ಕರೆ ಪಾಕದಿಂದ ತುಂಬುತ್ತಿದ್ದರು. ಅವಳು ಅದೇ ವೈನಿನ ಇನ್ನೊಂದು ಸೀಸೆ ತೆರೆದು ತುಂಬುತ್ತಿದ್ದಳು. ಹಾಗಾಗಿ ಅವಳ ವೈನಿನಲ್ಲಿ ಸಿಹಿ ಎಂಬುದೇ ಇರಲಿಲ್ಲ. ಕೊಳ್ಳಲು ಬಂದವರು ಮುಖ ಕಿವುಚುತ್ತಿದ್ದರು. “ಸಿಹಿ ಬೇಕಾದವರು ಜಿಲೇಬಿ ತಿನ್ನಲಿ” ಎನ್ನುತ್ತಿದ್ದಳು.

ಒಂದು ವರ್ಷ, ಸೀಸೆಗಳು ಅರ್ಧ ತಿರುಗಿದ್ದಾಗ, ಅವಳು ಜ್ವರದಲ್ಲಿ ತೀರಿಕೊಂಡಳು.

ಬೆಳೆಗಾರ ನೆಲಮಾಳಿಗೆಗೆ ಇಳಿದ. ಸುಣ್ಣದ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗಿ ನಿಂತಿದ್ದವು. ಅವಳ ಕೈ ಕೊನೆಗೆ ಬಿಟ್ಟ ಜಾಗ. ಅವನಿಗೆ ಮುಟ್ಟುವ ಮನಸ್ಸಾಗಲಿಲ್ಲ. ಹಲಗೆಯ ಮುಂದೆ ಎಣ್ಣೆದೀಪ ಹಚ್ಚಿಟ್ಟ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ದಿನವೂ ಮಧ್ಯಾಹ್ನದ ಊಟವಾದ ಮೇಲೆ ಒಬ್ಬನೇ ಇಳಿದು, ದೀಪಕ್ಕೆ ಎಣ್ಣೆ ಹಾಕಿ, ಸೀಸೆಗಳು ಅಲುಗದ ಹಾಗೆ ದೂಳು ಒರೆಸಿ, ಸ್ವಲ್ಪ ಹೊತ್ತು ಕೂತು ಬರುತ್ತಿದ್ದ. ಅವಳಿದ್ದಾಗ ಆ ಬಾಗಿಲು ತುಸು ತೆರೆದಿದ್ದರೂ ವೈನಿನ ಮೇಲೆ ಬೆಳಕು ಬೀಳುತ್ತದೆಂದು ಮನೆಯವರನ್ನೆಲ್ಲ ಬೈಯುತ್ತಿದ್ದಳು. ಭಕ್ತಿ ಹತ್ತಿದವನಿಗೆ ಇಂಥವು ನೆನಪಿರುವುದಿಲ್ಲ.

ಅವನಿಗೆ ಒಬ್ಬಳು ಮಗಳು. ತಾಯಿಯ ಜೊತೆ ಸೀಸೆ ತಿರುಗಿಸಿ ಕೈ ಪಳಗಿದವಳು. ಅವಳು ಬಂದು ಕೇಳಿದಳು: “ಅಪ್ಪಾ, ಕೀಲಿ ಕೊಡು. ಹೀಗೇ ಬಿಟ್ಟರೆ ಗಸಿ ಗಾಜಿಗೆ ಅಂಟಿಕೊಳ್ಳುತ್ತದೆ.”

“ಅವಳು ಇಟ್ಟ ಹಾಗೇ ಇರಲಿ.”

“ಅಮ್ಮನ ಕೊನೆಯ ವೈನ್. ಹಾಳಾಗುತ್ತದೆ.”

“ಹಾಳಾದರೂ ಅವಳದೇ.”

ಮಗಳು ಮತ್ತೆ ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸಿದಳು, ಮಾತು ಬಿಟ್ಟಳು. ಅವಳು ಮಾತು ಬಿಟ್ಟದ್ದು ಅವನ ಗಮನಕ್ಕೆ ಬರಲಿಲ್ಲ. ಅವನು ದುಃಖದಲ್ಲಿದ್ದ.

ಒಂದು ದಿನ ಊಟಕ್ಕೆ ಮೊದಲೇ ಅವನು ನೆಲಮಾಳಿಗೆಯ ಕಡೆ ಹೋದ. ಬೀಗ ಹಾಕಿದ ಬಾಗಿಲಿಗೆ ಒರಗಿ ಮಗಳು ಮೆಟ್ಟಿಲಿನ ಮೇಲೆ ಕೂತಿದ್ದಳು.

“ಇಲ್ಲೇಕೆ ಕೂತಿದ್ದೀಯ?”

“ನೀನು ಒಳಗೆ ಕೂರುವುದು ಯಾಕೆ?”

“ಅವಳು ಇಲ್ಲೇ ಇದ್ದಾಳೆ ಅನ್ನಿಸುತ್ತದೆ.”

“ನನಗೂ ಅನ್ನಿಸುತ್ತದೆ. ಆದರೆ ನನಗೆ ಬಾಗಿಲಿನವರೆಗೆ ಮಾತ್ರ.”

ಅವಳು ಏಳಲು ಹೋದಳು. ಅವನು ಮೆಟ್ಟಿಲನ್ನು ನೋಡಿದ. ಅವನು ಕಾಲಿಡದ ಅಂಚುಗಳಲ್ಲೆಲ್ಲ ದೂಳು ಮುಚ್ಚಿತ್ತು, ಅವಳು ಕೂತ ಅಂಚಿನಲ್ಲಿ ಮಾತ್ರ ಇರಲಿಲ್ಲ. ಅದು ಒಂದು ದಿನ ಕೂತು ಆದದ್ದಲ್ಲ.

ಉಡಿದಾರದ ಗಂಟು ಬಿಗಿಯಾಗಿತ್ತು. ಕೀಲಿ ಬಿಚ್ಚಲು ಅವನು ಎಳೆದಷ್ಟೂ ಅದು ಇನ್ನಷ್ಟು ಬಿಗಿಯಿತು. ಕೊನೆಗೆ ಮಗಳೇ ಬಗ್ಗಿ ಬಿಚ್ಚಿದಳು.

ಒಳಗೆ ಹೋದವಳು ಮೊದಲು ದೀಪ ಆರಿಸಿದಳು. “ಅಮ್ಮ ಇದನ್ನು ಕಂಡಿದ್ದರೆ ನಿನ್ನನ್ನು ಸುಮ್ಮನೆ ಬಿಡುತ್ತಿದ್ದಳೇ?”

“ಇಲ್ಲ” ಎಂದು ಅವನು ಒಪ್ಪಿಕೊಂಡ.

ದೀಪದ ಹತ್ತಿರವಿದ್ದ ಸೀಸೆಗಳು ಶಾಖಕ್ಕೆ ಕೆಟ್ಟಿದ್ದವು. ಅವನ್ನು ಬಳ್ಳಿಯ ಬುಡಕ್ಕೆ ಸುರಿದರು. ಉಳಿದವನ್ನು ಒಂದೊಂದಾಗಿ ಎತ್ತಿ, ಅಂಟಿದ ಗಸಿ ಬಿಡುವಂತೆ ಕುಲುಕಿ, ಹೊಸ ಗೆರೆ ಎಳೆದು, ಮೊದಲಿನಿಂದ ತಿರುಗಿಸಿದರು. ಮೊದಲ ಸೀಸೆಯನ್ನು ಕುಲುಕುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಎರಡನೆಯದಕ್ಕೆ ಅದು ಬೇಕಾಗಲಿಲ್ಲ. ಬಲಗಡೆಗೆ ತಿರುಗಿಸಿದ್ದಕ್ಕೆ ಮಗಳು ಗದರಿದಳು, ಎಡಗಡೆಗೆ ತಿರುಗಿಸಿದ. ಬಳ್ಳಿ ನೋಡಿಕೊಂಡವನಿಗೆ ಸೀಸೆಯ ಕೆಲಸ ಅಷ್ಟು ಬೇಗ ಬರುವುದಿಲ್ಲ.

ಗಸಿ ಇಳಿದ ಮೇಲೆ ಅಂಗಳದಲ್ಲಿ ಕೂತು ಬಿರಡೆ ತೆಗೆದರು. ಗಸಿ ಅವನ ಅಂಗಿಗೆಲ್ಲ ಹಾರಿತು. ಕಡಿಮೆಯಾದ ಜಾಗ ತುಂಬಲು ಒಂದು ಸೀಸೆಯನ್ನು ಖರ್ಚು ಮಾಡಬೇಕಿತ್ತು. ಮಗಳು ಒಂದನ್ನು ಅವನ ಕೈಗಿಟ್ಟಳು. ಅವನು ಅದನ್ನು ತುಸು ಹೊತ್ತು ಹಾಗೇ ಹಿಡಿದುಕೊಂಡ. ಆಮೇಲೆ ತೆರೆದ.

ಎಲ್ಲ ತುಂಬಿ ತಳದಲ್ಲಿ ಉಳಿದದ್ದನ್ನು ಎರಡು ಲೋಟಗಳಿಗೆ ಬಗ್ಗಿಸಿದರು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ.

“ನಿನ್ನಮ್ಮ ಒಂದು ಚಮಚ ಸಕ್ಕರೆ ಹಾಕಿದ್ದರೆ ಏನಾಗುತ್ತಿತ್ತು?”

“ಅದನ್ನು ಅವಳಿದ್ದಾಗ ಕೇಳಬೇಕಿತ್ತು.”

“ಧೈರ್ಯವಿರಲಿಲ್ಲ ಕಣಮ್ಮ.”

ಮಗಳು ನಕ್ಕಳು. ನಗುತ್ತಲೇ ಅಳತೊಡಗಿದಳು. ತಾಯಿ ಸತ್ತ ಮೇಲೆ ಅವಳು ಅಳುವುದನ್ನು ಅವನು ಅದೇ ಮೊದಲು ನೋಡಿದ್ದು. ಅವನು ಲೋಟ ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದು ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆಮೇಲೆ ಅವನ ದುಃಖ ಕಳೆಯಿತೇ?”

“ಅದಿರಲಿ” ಎಂದರು ಗುರುಗಳು. “ನಿನ್ನ ತಾಯಿ ಹೇಗಿದ್ದಾರೆ?”