ಥಳಥಳಿಯ ಬಾಲ

ವೀರಭದ್ರಪ್ಪಜ್ಜನ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಮರದ ಗೊಂಬೆಯಾಗಲಿ, ಕಾಗದದ ಚಿತ್ರವಾಗಲಿ, ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣು ಬರೆದರೆ ಜೀವ ಬಂದ ಹಾಗೆ. ಆಮೇಲೆ ಅದರ ಮೈಗೆ ಮತ್ತೆ ಕುಂಚ ಸೋಕಿಸುವಂತಿಲ್ಲ. ಅದಕ್ಕೇ ಅಜ್ಜ ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದ.

"ಏನ್ ತಿಂತೈತಿ? ಎಲ್ಲಿ ಮಲಗ್ತೈತಿ? ಯಾರಿಗೆ ಅಂಜತೈತಿ?"

ತಡವರಿಸದೆ ಉತ್ತರ ಹೇಳಿದವರಿಗೆ ಮಾತ್ರ ಕಣ್ಣು ಬರೆಯುವ ಸಣ್ಣ ಕುಂಚ ಸಿಗುತ್ತಿತ್ತು.

ಅಜ್ಜನ ಶಿಷ್ಯೆ ನೀಲಗಂಗಾ. ಅವಳ ಕೈ ಬಲು ಚುರುಕು, ಬಾಯಿ ಇನ್ನೂ ಚುರುಕು. ಅವಳು ಮಕ್ಕಳಿಗಾಗಿ ತನ್ನ ಮೊದಲ ಚಿತ್ರಪುಸ್ತಕ ಮಾಡುತ್ತಿದ್ದಳು. ಯಾವ ಕಾಡಿನಲ್ಲೂ ಇಲ್ಲದ ಹನ್ನೆರಡು ಕಾಡುಪ್ರಾಣಿಗಳು ಅದರಲ್ಲಿದ್ದವು. ಎಲೆಯಂಥ ಕಿವಿಯ ಗುಬುಟಿ ಪಾಚಿ ತಿಂದು ಪೊಟರೆಯಲ್ಲಿ ಮಲಗುತ್ತಿತ್ತು. ಮೂರು ಕಾಲಿನ ತಟಪಟಿ ಗುಡುಗಿಗೆ ಅಂಜುತ್ತಿತ್ತು. ಹೀಗೆ ಹನ್ನೊಂದು ಪ್ರಾಣಿಗಳು ಅಜ್ಜನ ಪರೀಕ್ಷೆಯಲ್ಲಿ ಪಾಸಾಗಿ ಕಣ್ಣು ಬಿಟ್ಟವು.

ಹನ್ನೆರಡನೆಯದು ಥಳಥಳಿ. ಅಬ್ಬಬ್ಬಾ, ಅದರ ಸೊಗಸೇ! ಬಂಗಾರದ ಬಣ್ಣದ ಕೋಡು, ಹಾಸಿಗೆಯಷ್ಟು ಅಗಲದ, ಏಳು ಮೊಳ ಉದ್ದದ ಬಾಲ. ಒಂದು ತಿಂಗಳು ಕೂತು ಬರೆದದ್ದು. ಪುಸ್ತಕದ ಮುಖಪುಟಕ್ಕೆ ಇದೇ ಎಂದು ನೀಲಗಂಗಾ ಯಾವತ್ತೋ ನಿಶ್ಚಯಿಸಿದ್ದಳು. ಆದರೆ ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

'ಅಜ್ಜ ಕೇಳಿದರೆ ಸಿಕ್ಕಿಬೀಳುತ್ತೇನೆ. ಕಣ್ಣು ಬರೆದುಬಿಟ್ಟರೆ ಅವರೇನು ಮಾಡಿಯಾರು?' ಎಂದುಕೊಂಡಳು. ಅಜ್ಜ ಊಟಕ್ಕೆ ಎದ್ದು ಹೋದಾಗ ಸಣ್ಣ ಕುಂಚ ತೆಗೆದುಕೊಂಡು ಕಣ್ಣು ಬರೆದೇಬಿಟ್ಟಳು. ಅದೂ ಠೀವಿಯಿಂದ ಹಿಂತಿರುಗಿ ನೋಡುವ ಕಣ್ಣು. ಬುದ್ಧಿ ಇದ್ದವರು ಮಾಡುವ ತಪ್ಪೇ ಹೀಗೆ ನೋಡಿ, ತಪ್ಪಿಗೂ ಒಂದು ಉಪಾಯ ಹೂಡಿರುತ್ತಾರೆ.

ಅಜ್ಜ ಬಂದು ನೋಡಿದ. ಸಿಟ್ಟು ಮಾಡಲಿಲ್ಲ. ಮೂರು ಪ್ರಶ್ನೆ ಕೇಳಿದ.

"ಅದು... ಚೆಂದಕ್ಕ ಐತ್ರಿ ಅಜ್ಜಾರ" ಎಂದಳು ನೀಲಗಂಗಾ.

"ಕಣ್ಣು ಬಿಟ್ಟದ್ದನ್ನ ಹರಿಯೂದು ನಮ್ಮ ಮನ್ಯಾಗ ಇಲ್ಲ. ಬದುಕು ಇಲ್ಲದ್ದನ್ನ ಪುಸ್ತಕಕ್ಕ ಹಾಕೂದೂ ಇಲ್ಲ. ನಾಳೆ ಸಂಜಿಕ ಪ್ರೆಸ್ಸಿನವರು ಬರ್ತಾರ. ಅಷ್ಟರಾಗ ಉತ್ತರ ಹೇಳು. ಇಲ್ಲಂದ್ರ ಹನ್ನೊಂದ ಪ್ರಾಣಿ ಸಾಕು."

ನೀಲಗಂಗಾಗೆ ಅಳುವೇ ಬಂತು. ಮೈ ತಿದ್ದುವಂತಿಲ್ಲ, ಬಾಲ ಮೊಟಕು ಮಾಡುವಂತಿಲ್ಲ. ಮಕ್ಕಳು ಮೆಚ್ಚಿದರೆ ಅಜ್ಜನ ಮನಸ್ಸು ಕರಗೀತು ಎಂದು ಮರುದಿನ ಚಿತ್ರಗಳನ್ನೆಲ್ಲ ಕಂಕುಳಲ್ಲಿ ಅವುಚಿಕೊಂಡು ಪಕ್ಕದ ಶಾಲೆಗೆ ಹೋದಳು.

ಥಳಥಳಿಯನ್ನು ಕಂಡದ್ದೇ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಒಂದನೇ ಇಯತ್ತೆಯ ಹುಲಿಗೆಮ್ಮ ಮಾತ್ರ ಸುಮ್ಮನೆ ಕೂತಿದ್ದಳು. ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ.

"ಯಾಕವ್ವ, ಚೆಂದ ಇಲ್ಲೇನು?" ಎಂದು ನೀಲಗಂಗಾ ಕೇಳಿದಳು.

"ಚೆಂದ ಐತಿ. ಆದ್ರ ಪಾಪ ಅಕ್ಕಾ, ಅಷ್ಟು ದೊಡ್ಡ ಬಾಲ ಮುಳ್ಳುಕಂಟಿಗೆ ಸಿಕ್ಕೊಳ್ಳಂಗಿಲ್ಲೇನು? ಅದಕ್ಕ ಅದು ಹಿಂದ ತಿರುಗಿ ಯಾರನ್ನೋ ಹುಡುಕಾಕ ಹತ್ತೈತಿ."

ನೀಲಗಂಗಾ ಚಿತ್ರವನ್ನು ತಿರುಗಿಸಿ ನೋಡಿದಳು. ಹೌದಲ್ಲ! ಅವಳು ಠೀವಿ ಎಂದುಕೊಂಡಿದ್ದ ಆ ನೋಟ ನಿಜವಾಗಿಯೂ ಯಾರನ್ನೋ ಕರೆಯುತ್ತಿತ್ತು. ಅವಳಿಗೆ ಆ ಪ್ರಾಣಿಯ ಮೇಲೆ ಮೊದಲ ಸಲ ಮರುಕ ಹುಟ್ಟಿತು. ಹುಲಿಗೆಮ್ಮನ ಕೆನ್ನೆ ಹಿಂಡಿ, ಒಂದೇ ಉಸಿರಿಗೆ ಮನೆಗೆ ಓಡಿದಳು.

ಥಳಥಳಿಯ ಮೈ ಮುಟ್ಟುವಂತಿಲ್ಲ, ನಿಜ. ಸುತ್ತಲೂ ಖಾಲಿ ಜಾಗವಿತ್ತಲ್ಲ! ಬಾಲದ ಉದ್ದಕ್ಕೂ ಗುಬುಟಿಯನ್ನು ಬರೆದಳು, ತಟಪಟಿಯನ್ನು ಬರೆದಳು, ಉಳಿದ ಒಂಬತ್ತನ್ನೂ ಬರೆದಳು. ಎಲ್ಲವೂ ಸೇರಿ ಬಾಲವನ್ನು ಹೆಗಲ ಮೇಲೆ ಹೊತ್ತು, ಮುಳ್ಳು ತಾಗದಂತೆ ನಡೆಯುತ್ತಿದ್ದವು.

ಸಂಜೆ ಅಜ್ಜ ಕನ್ನಡಕ ಏರಿಸಿ ನೋಡಿದ.

"ಏನ್ ತಿಂತೈತಿ?"

"ಎತ್ತರದಾಗಿನ ಹಣ್ಣು. ಕೋಡಿಲೆ ಕೆಡವಿ ಎಲ್ಲಾರಿಗೂ ಕೊಡತೈತ್ರಿ."

"ಎಲ್ಲಿ ಮಲಗ್ತೈತಿ?"

"ಮರದ ಬುಡಕ. ಮಳಿ ಬಂದ್ರ ಹನ್ನೊಂದೂ ಇದರ ಬಾಲದ ಕೆಳಗ ಮಲಗ್ತಾವ್ರಿ."

"ಯಾರಿಗೆ ಅಂಜತೈತಿ?"

"ಯಾರಿಗೂ ಇಲ್ರಿ. ಹಿಂದ ಯಾರೂ ಇಲ್ಲದಿದ್ರ ಮಾತ್ರ ಅಂಜತೈತಿ."

ಅಜ್ಜ ಗಟ್ಟಿಯಾಗಿ ನಕ್ಕ. ಸಣ್ಣ ಕುಂಚವನ್ನು ತೆಗೆದು ಅವಳ ಕೈಗಿಟ್ಟ.

"ಕಣ್ಣು ಆಗಲೇ ಬರದೇನಲ್ರಿ" ಎಂದಳು ನೀಲಗಂಗಾ, ತಲೆ ತಗ್ಗಿಸಿ.

"ಕಳ್ಳಿ, ಗೊತ್ತೈತಿ. ಮುಖಪುಟದ ಮ್ಯಾಲೆ ನಿನ್ನ ಹೆಸರು ಬರಿ."

ಅವಳು ಹೆಸರು ಬರೆದಳು. ಕುಂಚ ಕೆಳಗಿಡಲು ಹೋದವಳು ಒಂದು ಕ್ಷಣ ತಡೆದು ಹಿಂತಿರುಗಿ ಶಾಲೆಯ ಕಡೆ ನೋಡಿದಳು. ಆಮೇಲೆ ತನ್ನ ಹೆಸರಿನ ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಇನ್ನೊಂದು ಹೆಸರು ಬರೆದಳು: ಹುಲಿಗೆಮ್ಮ, ಒಂದನೇ ಇಯತ್ತೆ.

ನೀತಿ: ನಮ್ಮ ಬಾಲ ಎಷ್ಟೇ ಚೆಂದವಿರಲಿ, ಅದು ಮುಳ್ಳಿಗೆ ಸಿಕ್ಕದಂತೆ ಹಿಂದೆ ಯಾರೋ ಎತ್ತಿ ಹಿಡಿದಿರುತ್ತಾರೆ. ಅವರನ್ನು ತಿರುಗಿ ನೋಡಿ, ಹೆಸರು ಹಿಡಿದು ನೆನೆಯಬೇಕು.