ಛತ್ರದ ದುರುಗವ್ವ

"ಗುರುಗಳೇ, ಛತ್ರದಲ್ಲಿ ನಿರ್ಗತಿಕರನ್ನು ನೋಡಿಕೊಳ್ಳುವವರು ಬಾಯಿಗೆ ಕಟ್ಟಲು ಬಟ್ಟೆ ಬೇಕು, ಕೆಮ್ಮುವವರಿಗೆ ಬೇರೆ ಕೋಣೆ ಬೇಕು ಎಂದು ಹಟ ಹಿಡಿದಿದ್ದಾರೆ. ಸೇವೆಗೆ ನಿಂತವರಿಗೆ ತಮ್ಮ ಜೀವದ ಮೇಲೆ ಇಷ್ಟು ಆಸೆ ಇರಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹಣೆ ಒತ್ತಿಕೊಂಡರು. "ನಿನಗೆ ಇನ್ನೆಷ್ಟು ಸಲ ಹೇಳಲಿ? ಕೂತುಕೋ" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಾಹುಕಾರ ಮನೆಮಠವಿಲ್ಲದವರಿಗಾಗಿ ಛತ್ರ ಕಟ್ಟಿಸಿದ. ಅವರ ಹಾಸಿಗೆ ಒಗೆಯಲು, ಗಂಜಿ ಕುಡಿಸಲು ದುರುಗವ್ವ ಎಂಬ ಹೆಂಗಸನ್ನು ಇಟ್ಟ. ಅವಳು ಯಾರನ್ನೂ ಗದರಿದವಳಲ್ಲ. ಹುಣ್ಣಾದ ಕಾಲುಗಳನ್ನೂ ತೊಳೆಯುತ್ತಿದ್ದಳು.

ಆ ವರ್ಷ ಛತ್ರಕ್ಕೆ ಕ್ಷಯ ಹೊಕ್ಕಿತು. ಮಲಗುವ ಹಜಾರಕ್ಕೆ ಕಿಟಕಿಯೇ ಇರಲಿಲ್ಲ. ದುರುಗವ್ವ ಸಾಹುಕಾರನ ಬಳಿಗೆ ಹೋಗಿ, "ಧಣೀ, ಗೋಡೆ ಒಡೆದು ಕಿಟಕಿ ಇಡಿಸಿ. ಕೆಮ್ಮುವವರನ್ನು ಬೇರೆ ಮಲಗಿಸೋಣ. ನನಗೂ ಬಾಯಿಗೆ ಕಟ್ಟಿಕೊಳ್ಳಲು ಬಟ್ಟೆ ಕೊಡಿಸಿ" ಎಂದಳು.

"ದಿಕ್ಕಿಲ್ಲದವರ ಮುಂದೆ ಮೂಗು ಮುಚ್ಚಿಕೊಂಡು ನಿಂತರೆ ಅವರ ಮನಸ್ಸಿಗೆ ಎಷ್ಟು ನೋವಾಗುತ್ತದೆ! ದೇವರ ಕೆಲಸ ಮಾಡುವವರನ್ನು ದೇವರೇ ನೋಡಿಕೊಳ್ಳುತ್ತಾನೆ, ಹೋಗು" ಎಂದ ಸಾಹುಕಾರ.

ಅವಳು ಮತ್ತೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ. ಇನ್ನೊಮ್ಮೆ ಕೇಳಲು ಅವಳಿಗೇ ನಾಚಿಕೆಯಾಯಿತು. ಸೆರಗನ್ನೇ ಬಾಯಿಗೆ ಅಡ್ಡ ಹಿಡಿದಳು. ಆದರೆ ಮಲಗಿದವರನ್ನು ಎತ್ತಿ ಗಂಜಿ ಕುಡಿಸಲು ಎರಡೂ ಕೈ ಬೇಕು. ಸೆರಗು ಜಾರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೂ ಕೆಮ್ಮು ಹತ್ತಿತು. ತಾನು ಮಲಗಿದರೆ ಒಲೆ ಹಚ್ಚುವವರಿಲ್ಲ ಎಂದು ಯಾರಿಗೂ ಹೇಳದೆ ಚಾಪೆಯಿಂದ ಚಾಪೆಗೆ ಓಡಾಡಿದಳು. ಗಟ್ಟಿಮುಟ್ಟಾಗಿ ಬಂದವರಿಗೂ ಅವಳಿಂದ ರೋಗ ಅಂಟಿತು. ಕೊನೆಗೆ ರಕ್ತ ಕಾರಿ ಮನೆ ಸೇರಿದಳು. ಅವಳ ಜಾಗಕ್ಕೆ ಬರಲು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಛತ್ರಕ್ಕೆ ಬೀಗ ಬಿತ್ತು. ಅಲ್ಲಿದ್ದವರು ಮತ್ತೆ ಸಂತೆಕಟ್ಟೆಯ ಮೇಲೆ ಮಲಗಿದರು, ಈಗ ಕೆಮ್ಮುತ್ತ.

ಸಾಹುಕಾರ ದುರುಗವ್ವನನ್ನು ನೋಡಲು ಹೋದ. ಹೊಸ್ತಿಲಲ್ಲೇ ನಿಂತು ಶಲ್ಯದಿಂದ ಮೂಗು ಮುಚ್ಚಿಕೊಂಡ. ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮಗಳು ಅವನನ್ನೇ ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ. ಆ ವಾರವೇ ದುರುಗವ್ವ ತೀರಿಕೊಂಡಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, "ಸೇವೆಗಾಗಿಯೇ ಪ್ರಾಣ ಕೊಟ್ಟ ಪುಣ್ಯವಂತೆ!" ಎಂದ.

"ಹೋಗಿ ಆ ಮಗಳಿಗೆ ಹೇಳು" ಎಂದು ಗುರುಗಳು ಎದ್ದು ನಡೆದರು.