ಸಾರಿಸದ ಗೋಡೆ

ಶಿಷ್ಯ ಕೇಳಿದ: "ಅಜ್ಜಾರ, ಯಾವ ಮಗುವನ್ನೂ ಬಾಗಿಲಿಂದ ಹಿಂದಕ್ಕ ಕಳಸಬಾರದು ಅಂತ ಕಾನೂನು ಬಂದೈತ್ರಿ. ಹೆಸರು ಬರಕೊಂಡು ಹಿಂದಿನ ಸಾಲಿನಾಗ ಕೂಡಿಸಿದರ ಕಾನೂನು ಪಾಲಿಸಿದಂಗ ಆತಲ್ರಿ?"

ಅಜ್ಜಾರು ಮಠದ ಸ್ವಾಮಿಗಳು, ಶಿಷ್ಯ ಮಠದ ಶಾಲೆಯ ಹೆಡ್‌ಮಾಸ್ತರ. ಆ ಬೆಳಿಗ್ಗೆ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದು ಗೇಟಿನ ಬಳಿ ಕೂತಿದ್ದಳು. ಮಗನಿಗೆ ಬುದ್ಧಿ ಬೆಳೆಯುವುದು ನಿಧಾನ. ಮೂರು ಶಾಲೆಗಳು ಸೀಟಿಲ್ಲ ಎಂದು ಹೇಳಿ ಕಳಿಸಿದ್ದವು. ಸೀಟಿಲ್ಲದ ಆ ಮೂರೂ ಶಾಲೆಗಳ ಮುಂದೆ 'ಪ್ರವೇಶ ಆರಂಭವಾಗಿದೆ' ಎಂಬ ಬೋರ್ಡು ಇನ್ನೂ ನೇತಾಡುತ್ತಿತ್ತು.

ಅಜ್ಜಾರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಹಿಂದೆ ಒಂದು ಊರಿನಲ್ಲಿ ಒಬ್ಬ ದೇಸಾಯಿ ಇದ್ದ. ಅವನು ಒಂದು ದಿನ ಆಜ್ಞೆ ಹೊರಡಿಸಿದ: ಗಂಡಿರಲಿ ಹೆಣ್ಣಿರಲಿ, ಕುಂಟಿರಲಿ ಕುರುಡಿರಲಿ, ಸೀಮೆಯ ಪ್ರತಿ ಮಗುವನ್ನೂ ಶಾಲೆಯಲ್ಲಿ ಕೂಡಿಸಬೇಕು. ಕಾರಕೂನ ಬರೆದುಕೊಂಡ. ಊರಲ್ಲಿ ಡಂಗುರ ಸಾರಿದರು.

ಆ ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಐಗಳು ಒಬ್ಬರಿದ್ದರು. ಹೆಸರು ಕೇಳಬೇಡ, ಅವರ ಮರಿಮಕ್ಕಳು ನಮ್ಮ ಮಠಕ್ಕೇ ಬಂದು ಪ್ರಸಾದ ಉಂಡು ಹೋಗುತ್ತಾರೆ. ಅವರ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಮಗು ಉಸುಕಿನಲ್ಲಿ ಬೆರಳಿಂದ ಅಕ್ಷರ ತಿದ್ದಬೇಕು, ತಿದ್ದುತ್ತ ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮುಂದಿನ ಅಕ್ಷರ. ಎಲ್ಲ ಅಕ್ಷರ ಬಾಯಿಗೆ ಬಂದ ಮೇಲೆ ಕೈಗೆ ಹಲಗೆ. ಹೇಳದವರು ಉಸುಕಿನಲ್ಲೇ. ಸಂಜೆಯಾದರೆ ಐಗಳು ಉಸುಕನ್ನು ಅಂಗೈಯಿಂದ ಸವರಿ ಮನೆಗೆ ಹೋಗುತ್ತಿದ್ದರು.

ಅದೇ ಊರಿನಲ್ಲಿ ಒಬ್ಬ ವಿಧವೆ ಇದ್ದಳು. ಕಂಡವರ ಮನೆಯ ಕಾಳು ಹಸನು ಮಾಡಿ ಬದುಕುತ್ತಿದ್ದಳು. ಅವಳಿಗೊಬ್ಬ ಮಗಳು. ಮಗಳಿಗೆ ಹುಟ್ಟಿನಿಂದ ಮಾತಿಲ್ಲ. ಡಂಗುರ ಕೇಳಿದ ಮರುದಿನವೇ ತಾಯಿ ಅವಳನ್ನು ಶಾಲೆಗೆ ತಂದು ಬಿಟ್ಟಳು. ಐಗಳು ಹೆಸರು ಬರೆದುಕೊಂಡರು. ಉಸುಕಿನಲ್ಲಿ 'ಅ' ಬರೆದು, "ಹೇಳು" ಎಂದರು.

ಹುಡುಗಿ ತಿದ್ದಿದಳು. ಹೇಳಲಿಲ್ಲ.

ಮರುದಿನ ಮತ್ತೆ 'ಅ'. ಅದರ ಮರುದಿನವೂ 'ಅ'. ಅವಳ ಪಕ್ಕದಲ್ಲಿ ಕೂತ ಮಕ್ಕಳು ಒಂದೊಂದೇ ಅಕ್ಷರವನ್ನು ಕೂಗಿ ಕೂಗಿ ತಿದ್ದಿ, ಹಲಗೆ ಹಿಡಿದು ಎದ್ದುಹೋದರು. ಬೇರೆ ಮಕ್ಕಳು ಬಂದು ಕೂತರು. ಅವರೂ ಎದ್ದುಹೋದರು. ನಾಲ್ಕು ವರ್ಷ ಕಳೆಯಿತು. ಹುಡುಗಿ 'ಅ' ದಾಟಲಿಲ್ಲ.

ಮೂಗಿ ಎಂದ ಮೇಲೆ ಕಿವುಡಿಯೂ ಹೌದೆಂದು ಊರು ತಾನೇ ತೀರ್ಮಾನಿಸಿಕೊಂಡಿತ್ತು. ಹಾಗಾಗಿ ಅವಳ ಮುಂದೆ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಶಾಲೆಯ ಜಗುಲಿಯೆಂದರೆ ಊರಿನ ಅರ್ಧ ಗುಟ್ಟು ಬಂದು ಕೂಡುವ ಜಾಗ. ಗೋಡೆಗೂ ಕಿವಿಯುಂಟು ಎಂದು ಹೆದರುವ ಜನ, ಹುಡುಗಿಗೆ ಕಿವಿಯುಂಟು ಎಂದು ಎಣಿಸಲಿಲ್ಲ.

ಮನೆಯಲ್ಲಿ ಹುಡುಗಿ ಇದ್ದಿಲು ಹಿಡಿದು ಒಳಕೋಣೆಯ ಗೋಡೆ ಗೀಚುತ್ತಿದ್ದಳು. ತಾಯಿಗೆ ಓದು ಬಾರದು; ಕೂಸಿನ ಆಟ ಎಂದುಕೊಂಡಳು. ಪಂಚಮಿ ಹಬ್ಬಕ್ಕೆ ಗೋಡೆ ಸಾರಿಸಲು ಹೋದರೆ ಹುಡುಗಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತುಬಿಟ್ಟಳು. ಕಣ್ಣಲ್ಲಿ ನೀರು. ತಾಯಿ ಸಗಣಿಯ ಬುಟ್ಟಿ ಕೆಳಗಿಟ್ಟಳು. ಆ ವರ್ಷ ಸಾರಿಸಲಿಲ್ಲ, ಮುಂದಿನ ವರ್ಷವೂ ಸಾರಿಸಲಿಲ್ಲ. ನೆರೆಯವರು ಬಿಟ್ಟಾರೆಯೇ? "ಗಂಡ ಸತ್ತಾನ, ಊರಾಗಿನ ಎಮ್ಮಿನೂ ಸತ್ತಾವೇನವ್ವಾ? ಒಂದು ಬುಟ್ಟಿ ಸಗಣಿ ಸಿಗಲಿಲ್ಲೇನ?" ಎಂದರು.

ನಾಲ್ಕನೆಯ ವರ್ಷದ ಕೊನೆಗೆ ಐಗಳು ತಾಯಿಯನ್ನು ಕರೆಸಿದರು. "ಉಸುಕಿನಾಗ ಜಾಗ ಸಾಲವಲ್ದು. ನಿನ್ನ ಮಗಳ ಹೆಸರು ಹೊಡದು ಹಾಕತೇನಿ" ಎಂದರು. ಒಮ್ಮೆ ಹೊಡೆದ ಹೆಸರನ್ನು ಮತ್ತೆ ಬರೆಯುವ ರೂಢಿ ಆ ಶಾಲೆಯಲ್ಲಿ ಇರಲಿಲ್ಲ. ತಾಯಿ ಮಗಳ ಕೈ ಹಿಡಿದು ನೇರ ದೇಸಾಯಿಯ ವಾಡೆಗೆ ಹೋದಳು. ಊರು ಹಿಂದೆಯೇ ಹೋಯಿತು. ಇಂಥ ತಮಾಷೆ ದಿನಾ ಸಿಗುತ್ತದೆಯೇ?

ಐಗಳು ಹಾಜರಿಯ ಪುಸ್ತಕ ತೆರೆದು ತೋರಿಸಿದರು. "ಧಣಿ, ನಿಮ್ಮ ಆಜ್ಞಾದಾಗ ಕೂಡಿಸು ಅಂತ ಐತಿ. ನಾಲ್ಕು ವರ್ಷ ಒಂದು ದಿನ ತಪ್ಪದಂಗ ಕೂಡಿಸೇನಿ. ಹಲಗಿ ಬೇಕಂದ್ರ ಬಾಯಿಬಿಟ್ಟು ಹೇಳಬೇಕು. ನಿಯಮ ಎಲ್ಲಾರಿಗೂ ಒಂದ."

ದೇಸಾಯಿ ತಾಯಿಯ ಕಡೆ ತಿರುಗಿದ. "ನೀ ಏನಂತಿ, ತಂಗಿ?"

"ನನ್ನ ಮಗಳು ನಾಲ್ಕು ವರ್ಷ ಕುಂತಾಳ್ರಿ, ಧಣಿ. ಕುಂಡ್ರಸೂದು ನನಗೂ ಬರತೈತ್ರಿ. ಅದಕ್ಕ ಶಾಲಿ ಯಾಕ ಬೇಕು?"

ದೇಸಾಯಿ ಹುಡುಗಿಯ ಕಡೆ ನೋಡಿದ. "ಹುಡುಗಿಗೆ ಏನು ಬರತೈತಿ, ತೋರಿಸು" ಎಂದ. ತೋರಿಸಲು ಏನಿದೆ? ಬರೆದದ್ದೆಲ್ಲ ಉಸುಕು, ಉಸುಕೆಲ್ಲ ಸವರಿ ಹೋಗಿದೆ.

ಆಗ ಹುಡುಗಿ ಮುಂದೆ ಬಂದು ದೇಸಾಯಿಯ ಅಂಗಿಯ ತುದಿ ಹಿಡಿದಳು. ಹಿಡಿದು ಎಳೆದಳು. ದೇಸಾಯಿ ಎದ್ದ. ಅವಳ ಹಿಂದೆ ನಡೆದ. ಬಡವಿಯ ಮನೆಯ ಬಾಗಿಲು ಗಿಡ್ಡ. ಯಾರಿಗೂ ಬಗ್ಗದ ದೇಸಾಯಿ ಅಲ್ಲಿ ಬಗ್ಗಿದ.

ಒಳಕೋಣೆಯಲ್ಲಿ ಬೆಳಕು ಕಡಿಮೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ ಕಾಣಿಸಿತು.

ನೆಲದಿಂದ ಹುಡುಗಿಯ ಕೈ ಮುಟ್ಟುವ ಎತ್ತರದವರೆಗೆ ಅಕ್ಷರ. 'ಅ' ಇಂದ 'ಳ' ತನಕ, ಕಾಗುಣಿತ, ಒತ್ತಕ್ಷರ, ಮೂವತ್ತರವರೆಗೆ ಮಗ್ಗಿ. ನಾಲ್ಕು ವರ್ಷ ಆ ಶಾಲೆಯ ಮಕ್ಕಳು ಕೂಗಿದ್ದು, ಬರೆದದ್ದೆಲ್ಲ ಅಲ್ಲಿತ್ತು. ಕೆಳಗಿನ ಅಕ್ಷರ ಸೊಟ್ಟ. ಮೇಲೆ ಹೋದಂತೆ ನೆಟ್ಟಗೆ. ಹುಡುಗಿ ಬೆಳೆದಂತೆ ಬರಹವೂ ಗೋಡೆ ಹತ್ತಿತ್ತು. ಗಲಾಟೆಗೆಂದು ಬಂದ ಹೆಂಗಸರು ಸೆರಗು ತಲೆಗೆ ಹೊದ್ದುಕೊಂಡರು, ಗುಡಿಯೊಳಗೆ ಬಂದವರ ಹಾಗೆ. ಸಗಣಿಯ ಮಾತಾಡಿದವಳು ಬಾಗಿಲ ಆಚೆಯೇ ನಿಂತಳು.

"ಓದು" ಎಂದ ದೇಸಾಯಿ.

ಕಾರಕೂನ ಮೇಲಿನ ಸಾಲುಗಳನ್ನು ಓದಿದ. "ಇಂದು ಐಗಳು ನಿದ್ದೆ ಮಾಡಿದರು. ಇಂದೂ ನಿದ್ದೆ. ಗೌಡರ ಮನೆಯಿಂದ ತುಪ್ಪ ಬಂತು. ಗೌಡರ ಮಗ ಏನೂ ಹೇಳಲಿಲ್ಲ. ಅವನಿಗೆ ಹಲಗೆ ಕೊಟ್ಟರು. ಇಂದು ಕಾರಕೂನರು ಜಗುಲಿಗೆ ಬಂದು..."

ಕಾರಕೂನ ನಿಲ್ಲಿಸಿದ.

"ಯಾಕ ನಿಂತಿ?"

"ಮುಂದ ಮಾಸೇತ್ರಿ, ಧಣಿ."

ದೇಸಾಯಿ ಗೋಡೆಯ ಹತ್ತಿರ ಹೋಗಿ ತಾನೇ ಓದಿಕೊಂಡ. ಒಂದು ಸಲ ಕಾರಕೂನನನ್ನು ನೋಡಿದ. ಒಂದು ಸಲ ಜನರ ನಡುವೆ ನಿಂತಿದ್ದ ಗೌಡನನ್ನು ನೋಡಿದ. ಆ ಸಾಲಿನಲ್ಲಿ ಏನಿತ್ತೆಂದು ಆ ಊರು ಇವತ್ತಿಗೂ ಮಾತಾಡುತ್ತದೆ. ಗೌಡನ ಮನೆಗೆ ಕಾರಕೂನ ಮತ್ತೆ ಕಾಲಿಡಲಿಲ್ಲ, ಅಷ್ಟು ಮಾತ್ರ ಎಲ್ಲರಿಗೂ ಗೊತ್ತು.

ಎಲ್ಲಕ್ಕಿಂತ ಮೇಲೆ ಒಂದು ಸಾಲಿತ್ತು. ತುದಿಗಾಲಲ್ಲಿ ನಿಂತು ಬರೆದದ್ದು. ಅದನ್ನು ದೇಸಾಯಿ ಗಟ್ಟಿಯಾಗಿ ಓದಿದ: "ನನಗೆ 'ಅ' ಬರುತ್ತದೆ. ಮುಂದಿನದು ಕೊಡಿ."

ತಾಯಿ ಆ ಸಾಲಿನ ಕೆಳಗೆ ಅಂಗೈ ಇಟ್ಟಳು. ನಾಲ್ಕು ವರ್ಷ ಅದೇ ಗೋಡೆಗೆ ಒರಗಿ ಮಲಗಿದ್ದಳು. ಮಗಳ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು.

ದೇಸಾಯಿ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಐಗಳಿಗೆ ಹೇಳಿದ: "ನಿಯಮ ಎಲ್ಲಾರಿಗೂ ಒಂದ ಅಂದ್ರಿ. ತುಪ್ಪಕ್ಕ ಬ್ಯಾರೆ ಇತ್ತಲ್ರಿ."

ಅಲ್ಲಿಯೇ ಆಜ್ಞೆಯ ಕಾಗದ ತರಿಸಿದ. 'ಕೂಡಿಸಬೇಕು' ಎಂದಿದ್ದನ್ನು ಹೊಡೆಸಿ 'ಕಲಿಸಬೇಕು' ಎಂದು ಬರೆಸಿದ. ಬಾಯಿಂದ ಆಗದ್ದನ್ನು ಕೈಯಿಂದ ಕೇಳಬೇಕು, ಹೇಗೆ ಕಲಿಸಬೇಕೆಂದು ತಾಯಿಯನ್ನೂ ಕೇಳಬೇಕು ಎಂದು ಕೆಳಗೆ ಸೇರಿಸಿದ. ಮರುದಿನ ಹುಡುಗಿಯ ಕೈಗೆ ಹಲಗೆ ಬಂತು. ಆ ಗೋಡೆಯನ್ನು ಮಾತ್ರ ಯಾರೂ ಸಾರಿಸಲಿಲ್ಲ. ಮನೆ ಬೀಳುವವರೆಗೂ ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ನೋಡಿ ಬರುತ್ತಿದ್ದರು.

ಅಜ್ಜಾರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ಅವನು ಎದ್ದು ನಿಂತು, ಗೇಟಿನ ಬಳಿಯ ತಾಯಿ-ಮಗನ ಕಡೆ ಕೈ ತೋರಿಸಿ ಹೇಳಿದ: "ತಿಳೀತ್ರಿ, ಅಜ್ಜಾರ. ಈಗ ಹೋಗಿ ಆ ಹುಡುಗನ್ನ ಪರೀಕ್ಷಾ ಮಾಡತೇನ್ರಿ. ಅವನಾಗೂ ಇಂಥಾದೊಂದು ಗೋಡಿ ಇದ್ದರ ಇವತ್ತ ಸೇರಿಸಿಕೋತೇನ್ರಿ."

ಅಜ್ಜಾರು ಅವನನ್ನೇ ನೋಡುತ್ತ ಕೇಳಿದರು: "ಗೋಡಿ ಖಾಲಿ ಇದ್ದಿದ್ದರ ಆ ಹುಡುಗಿ ಎಲ್ಲಿ ಕೂಡಬೇಕಿತ್ತೋ, ತಮ್ಮಾ?"